ನೆರಳಿಗಿಟ್ಟ ಬೂಟು

ನಾನು ನಿಂತಿದ್ದದ್ದು ಬಸಲಿಂಗವ್ವನ ಮನೆಯ ಕಟ್ಟೆಯ ಕೆಳಗೆ, ಬೇವಿನ ನೆರಳು ಮುಗಿದು ಬಿಸಿಲು ಶುರುವಾಗುವ ಜಾಗದಲ್ಲಿ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ; ಹಿಂಗಾರಿ ಜೋಳದ ರಾಶಿ ಮುಗಿದು ಕಾಳು ಮನೆ ಸೇರಿತ್ತು. ಅಂದು ಸೋಮವಾರ. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಹಾಗಾಗಿ ಊರ ತುಂಬ ಜನರಿದ್ದರು. ಮುಂಜಾನೆ ಸಾಲಿ ಬಿಟ್ಟಿತ್ತು, ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಇಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ. ಮುಂದಿನದನ್ನೂ ನನಗೆ ಖಚಿತವಿದ್ದಷ್ಟೇ ಹೇಳುತ್ತೇನೆ.

ಈಗ ಇದನ್ನು ಹೇಳಹೊರಟಿರುವುದು ಒಂದು ವಾಸನೆಯ ದೆಸೆಯಿಂದ. ಹೋದ ವಾರ ಹುಬ್ಬಳ್ಳಿಯ ನಮ್ಮ ಮನೆಯ ಅಂಗಳದಲ್ಲಿ ಮಗ ತನ್ನ ಬೂಟಿಗೆ ಪಾಲಿಶ್ ಹಚ್ಚಿ, ಅಲ್ಲೇ ಬಿಟ್ಟು ಸ್ನಾನಕ್ಕೆ ಹೋದ. ಬಿಸಿಲು ಸರಿದು ಬೂಟಿನ ಮೇಲೆ ಬಂತು. ನಾನು ಎದ್ದು ಹೋಗಿ ಅವನ್ನು ಎತ್ತಿ ನೆರಳಿಗೆ ಇಟ್ಟು ಬಂದು ಕುಳಿತೆ. ಕುಳಿತ ಮೇಲೆ ಕೈಯ ವಾಸನೆ ಮೂಗಿಗೆ ಬಡಿಯಿತು. ಆ ದಿನ ನನಗೆ ಊಟ ಸೇರಲಿಲ್ಲ. ಸೊಸೆ ಪಿತ್ತವಿರಬೇಕೆಂದು ಶುಂಠಿ ಕಷಾಯ ಮಾಡಿಕೊಟ್ಟಳು. ಕುಡಿದೆ. ಪಿತ್ತವಲ್ಲ ಎಂದು ವಿವರಿಸಲು ಹೊರಟರೆ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕಾಗುತ್ತಿತ್ತು.

ಆಗ ನಾನು ನವಲಗುಂದಕ್ಕೂ ಅಣ್ಣಿಗೇರಿಗೂ ನಡುವೆ ಇರುವ, ಕಪ್ಪು ಮಣ್ಣಿನ ಎರಿ ಹೊಲದ ಒಂದು ಊರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಪಾರ್ವತಿ ಅದೇ ಊರಿನ ಬಸಲಿಂಗವ್ವ, ಕಲ್ಲಪ್ಪ ಇವರ ಮಗಳು. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಎಸ್ಸಿ. ಮುಗಿಸುತ್ತಿದ್ದಳು. ನಮ್ಮೂರಿನ ಹೆಣ್ಣುಮಗಳೊಬ್ಬಳು ಅಷ್ಟು ಓದಿದ್ದು ಅದೇ ಮೊದಲು. ಅದರ ಮೇಲೆ ಅವಳು ಅಮೆರಿಕೆಯ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಏನು ಓದಲು? ಜೋಳದ ಬಗ್ಗೆ ಓದಲು.

ಇಲ್ಲಿಂದಲೇ ನಮ್ಮ ಗೊಂದಲ ಶುರುವಾಯಿತು. ವೈದ್ಯಕೀಯ ಎಂದಿದ್ದರೆ ಊರಿಗೆ ತಿಳಿಯುತ್ತಿತ್ತು. ಜೋಳ ಎಂದಾಗ ಅವಳ ಬಾಜೂ ಮನೆಯ ಶಂಕ್ರವ್ವ ಸೊಂಟದ ಮೇಲೆ ಕೈ ಇಟ್ಟಳು. "ಜ್ವಾಳ ಕಲಿಯಾಕ ಸಮುದ್ರ ದಾಟಬೇಕೇನ ಪಾರವ್ವ? ನನ್ನ ಬಾಜೂ ಕುಂದ್ರು. ಒಂದ ಬುಟ್ಟಿ ರೊಟ್ಟಿ ಬಡಿಯೂದ್ರಾಗ ಎಲ್ಲಾ ಹೇಳಿ ಮುಗಸ್ತೀನಿ."

ಅಲ್ಲಿಯ ಜನ ಜೋಳ ತಿನ್ನುವುದಿಲ್ಲ, ದನಕ್ಕೆ ಹಾಕುತ್ತಾರೆ ಎಂದು ಪಾರ್ವತಿ ಹೇಳಿದಳು. ಹಿಟ್ಟಿನ ಗಿರಣಿಯ ಮಾಬುಸಾಬ, "ಹಂಗಾರ ಆ ದೇಶದಾಗ ದನಾ ಆಗಿ ಹುಟ್ಟೂದ ಛಲೋ" ಎಂದ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನೀವು ಏಕೆ ಓದಬಯಸುತ್ತೀರಿ? ಇಂಗ್ಲಿಷ್ ನೋಡಿಕೊಡಿ ಎಂದು ಪಾರ್ವತಿ ಉತ್ತರವನ್ನು ನನ್ನ ಹತ್ತಿರ ತಂದಳು. ನನ್ನ ಇಂಗ್ಲಿಷ್ ಎಂದರೆ ರಜೆ ಅರ್ಜಿಯ ಇಂಗ್ಲಿಷ್. ಅವಳು ಬೇರು, ತೇವ, ಎರಿ ಮಣ್ಣು ಎಂದೆಲ್ಲ ನೇರವಾಗಿ ಬರೆದಿದ್ದಳು. ನಾನು ಮೇಲೆ "ತಮ್ಮ ಸನ್ನಿಧಿಯಲ್ಲಿ ಬೇಡಿಕೊಳ್ಳುವುದೇನೆಂದರೆ" ಎಂದೂ ಕೆಳಗೆ "ತಮ್ಮ ಅತಿ ವಿಧೇಯ ಸೇವಕಿ" ಎಂದೂ ಇಂಗ್ಲಿಷಿನಲ್ಲಿ ಸೇರಿಸಿ, ಈಗ ಕಳೆ ಬಂತೆಂದು ಕೊಟ್ಟೆ. ಅವಳು ನನ್ನೆದುರಿಗೇ ಎರಡನ್ನೂ ಗೀಚಿ ಹಾಕಿದಳು. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನ ತಿರುಗಿತು. ನಮ್ಮಲ್ಲಿ ಯಾರ ಮಗಳು ಎಂದು ಕೇಳುತ್ತಾರೆ, ಯಾವೂರು ಎಂದು ಕೇಳುತ್ತಾರೆ. ಏಕೆ ಓದುತ್ತೀ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಅವಳಿಗೆ ಸೀಟು ಸಿಕ್ಕಿತು. ಓದಿನ ಖರ್ಚನ್ನೂ ಅಲ್ಲಿಯವರೇ ಕೊಡುವವರಿದ್ದರು. ಮಳೆಗಾಲ ಮುಗಿಯುವ ಮೊದಲು ಅಲ್ಲಿ ಹಾಜರಾಗಬೇಕು, ಇಲ್ಲವಾದರೆ ಸೀಟು ಬೇರೆಯವರಿಗೆ ಎಂದಿತ್ತು. ಉಳಿದದ್ದು ಪಾಸ್‌ಪೋರ್ಟ್ ಒಂದೇ. ಹಾಸ್ಟೆಲು ಇಂದಿದ್ದು ನಾಳೆ ಬಿಡುವ ಜಾಗ, ಅದಕ್ಕೆ ಖಾಯಂ ವಿಳಾಸವೆಂದು ಊರಿನ ವಿಳಾಸ ಬರೆದಳು.

ಬಸಲಿಂಗವ್ವನ ವಿಷಯ ಹೇಳಬೇಕು, ಏಕೆಂದರೆ ಕೊನೆಗೆ ಎಲ್ಲವೂ ಅವಳಲ್ಲೇ ಹೋಗಿ ನಿಲ್ಲುತ್ತದೆ. ಮಾತು ಕಡಿಮೆಯ ಹೆಂಗಸು. ಮಗಳು ಹೋಗುವುದಕ್ಕೆ ಅವಳು ಅಡ್ಡಿ ಮಾಡಿದ್ದನ್ನು ನಾನು ನೋಡಲಿಲ್ಲ. ಶೇಂಗಾ ಚಟ್ನಿ ಪುಡಿ ಮಾಡಿ, ಒಂದು ಪಾಲನ್ನು ಡಬ್ಬಿಯಲ್ಲೂ ಇನ್ನೊಂದನ್ನು ಅರಿವೆಯ ಗಂಟಿನಲ್ಲೂ ಇಟ್ಟು, ಯಾವುದು ಮೊದಲು ಕಮಟಾಗುತ್ತದೆ ಎಂದು ಪರೀಕ್ಷೆ ಮಾಡುತ್ತಿದ್ದಳು. ನನಗೂ ರುಚಿ ನೋಡಲು ಕೊಟ್ಟಿದ್ದಳು. "ದೂರದ ಹಾದಿ ನೋಡ್ರಿ ಮಾಸ್ತರ, ಕೆಟ್ಟದ್ದನ್ನ ಕಟ್ಟಿ ಕಳಸಬಾರ್ದು" ಎಂದಿದ್ದಳು. ಮಗಳ ಸಲುವಾಗಿ ಯಮನೂರಿನ ದರ್ಗಾದಲ್ಲಿ ಸಕ್ಕರಿ ಓದಿಸಿ ಊರಿಗೆ ಹಂಚುವ ಹರಕೆಯನ್ನೂ ಹೊತ್ತಿದ್ದಳು. ಹರಕೆಯಲ್ಲಿ ಏನು ಬೇಡಿಕೊಂಡೆ ಎಂದು ಯಾರೂ ಕೇಳಲಿಲ್ಲ. ಅದು ಕೇಳುವ ಮಾತೂ ಅಲ್ಲ.

ಇನ್ನು ಆ ಸೋಮವಾರ. ಮೊದಲು ನಾನಿದ್ದದ್ದು ಮಾಬುಸಾಬನ ಗಿರಣಿಯಲ್ಲಿ, ಜೋಳದ ಡಬ್ಬಿ ಹಿಡಿದು ಪಾಳಿಯಲ್ಲಿ. ನನ್ನ ಮುಂದೆ ಶಂಕ್ರವ್ವ. ಬಿಳಿ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡ, ನಾವು ಕಂಡರಿಯದ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತು, ಗಿರಣಿಯ ಸದ್ದನ್ನು ಮೀರಿ ಕೂಗಿ ಕೇಳಿದ. "ಕಲ್ಲಪ್ಪನವರ ಮಗಳು ಪಾರ್ವತಿ ಅಂತ, ಗೊತ್ತೇನ್ರಿ? ಹುಡುಗಿ ಹೆಂಗದಾಳ್ರಿ?"

ಮಾಬುಸಾಬ ಗಿರಣಿ ನಿಲ್ಲಿಸಿದ. ಗಿರಾಕಿ ಜಗಳವಾಡಿದರೂ ನಿಲ್ಲಿಸದವನು ಈಗ ನಿಲ್ಲಿಸಿದ. ಏಕೆಂದರೆ ಅಲ್ಲಿದ್ದವರಿಗೆಲ್ಲ ಒಂದೇ ಅರ್ಥ ಹೊಳೆದಿತ್ತು. ನಮ್ಮ ಕಡೆ ಹೆಣ್ಣು ನೋಡಲು ಬರುವ ಮೊದಲು ವರನ ಕಡೆಯವರು ಒಬ್ಬನನ್ನು ಸುಮ್ಮನೆ ಊರಿಗೆ ಕಳಿಸುತ್ತಾರೆ. ಅವನು ಗಿರಣಿಯಲ್ಲಿ, ಬಾವಿಯ ಹತ್ತಿರ, ಅಂಗಡಿಯಲ್ಲಿ ಹುಡುಗಿಯ ಗುಣ ಕೇಳಿ ಹೋಗುತ್ತಾನೆ. ತಾನು ಯಾರೆಂದು ಅವನು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಕೇಳಿದರೆ ಮರ್ಯಾದೆಗೇಡು. ಅವನು ಯಾರೆಂದು ತಿಳಿದೂ ತಿಳಿಯದವರಂತೆ ಹುಡುಗಿಯನ್ನು ಹೊಗಳುವುದು ಊರಿನ ಧರ್ಮ.

"ಹೆಂಗದಾಳ ಅಂದ್ರ?" ಶಂಕ್ರವ್ವ ಸೆರಗು ಸರಿ ಮಾಡಿಕೊಂಡಳು. "ತೆಲಿ ಎತ್ತಿ ಮಾತಾಡಿದ್ದು ನಾವ್ಯಾರೂ ನೋಡಿಲ್ರಿ."

"ವಯಸ್ಸೆಷ್ಟ್ರಿ?"

"ಮೊನ್ನೆರ ಹತ್ತೊಂಬತ್ತು ತುಂಬ್ಯಾವ್ರಿ."

ಪಾರ್ವತಿಗೆ ಇಪ್ಪತ್ಮೂರು.

"ಧಾರವಾಡದಾಗ ಇರ್ತಾಳಂತ ಕೇಳಿದ್ದೆ."

"ಯಾವ ಬಾಯಿಹರಕ ಹೇಳಿದ್ನ್ರಿ? ಗುಡಿಗಿ ಹೋದ್ರೂ ಅವ್ವನ ಸೆರಗ ಹಿಡಕೊಂಡ ಹೋಗೂ ಹುಡುಗಿ ಅದು."

ನಾನು ಬಾಯಿ ತೆರೆದೆ. "ಅಲ್ರಿ, ಆಕಿ ಎಂ.ಎಸ್ಸಿ..." ಶಂಕ್ರವ್ವ ತನ್ನ ಜೋಳದ ಬುಟ್ಟಿಯನ್ನು ನನ್ನ ಕಾಲ ಬೆರಳ ಮೇಲೆ ಇಟ್ಟಳು. "ನಮ್ಮ ಮಾಸ್ತರ್ಗೆ ಎಲ್ಲಾರೂ ಸಾಲ್ಯಾಗ ಕುಂತಂಗ ಕಾಣತೈತ್ರಿ. ಏಳನೇತ್ತಾ ಓದ್ಯಾಳ, ಒಂದ ಪತ್ರ ಬರಿಯಾಕ ಬರ್ತೈತಿ, ಸಾಕಲ್ರಿ ಹೆಣ್ಣಮಗಳಿಗೆ?"

"ಪರದೇಶಕ್ಕ ಹೋಗಾಕಿ ಅಂತ?"

ಗಿರಣಿಯೆಲ್ಲ ನಕ್ಕಿತು. ಮಾಬುಸಾಬ ಹಿಟ್ಟಿನ ಕೈ ಮುಗಿದು ಹೇಳಿದ: "ಸಾಹೇಬ್ರ, ಆ ಹುಡುಗಿ ಇನ್ನಾ ಅಣ್ಣಿಗೇರಿ ಪ್ಯಾಟಿ ನೋಡಿಲ್ರಿ. ಪರದೇಶ ಎಲ್ಲಿಂದ ತಂದ್ರಿ?"

ಅವರು ಯಾರೂ ಕೆಟ್ಟದ್ದು ಬಯಸಿ ಹೇಳಲಿಲ್ಲ. ಓದಿದವಳು, ಹಾಸ್ಟೆಲಿನಲ್ಲಿದ್ದವಳು, ವಯಸ್ಸು ಮೀರಿದವಳು ಎಂದು ಬಂದ ಸಂಬಂಧ ತಿರುಗಿ ಹೋಗಬಾರದಲ್ಲ. ಅವಳ ಮೇಲಿದ್ದ ಒಂದೊಂದೇ ಕುಂದನ್ನು ಒರೆಸಿ, ಒಳ್ಳೆಯ ಹುಡುಗಿಯೊಬ್ಬಳನ್ನು ಮಾಡಿ ನಿಲ್ಲಿಸಿದರು. ನಾನೂ ಕಾಲು ನೋಯುತ್ತಿದ್ದರೂ ಅವರ ಜಾಣತನಕ್ಕೆ ತಲೆದೂಗಿದೆ.

ಮನೆ ತೋರಿಸಲು ಮರ್ಯಾದಸ್ಥನೊಬ್ಬ ಬೇಕೆಂದು ನನ್ನನ್ನು ಅವನ ಜೊತೆ ಕಳಿಸಿದರು. ಮುಂದೇನಾಗುತ್ತದೆ ಎಂಬ ಕುತೂಹಲ ತಾಳದೆ ಮಾಬುಸಾಬ ಬಸಲಿಂಗವ್ವನ ಹಿಟ್ಟಿನ ಡಬ್ಬಿಯನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು ಹಿಂದೆ ಬಂದ. ಕಲ್ಲಪ್ಪ ಪರವೂರಿಗೆ ಹೋಗಿದ್ದ. ಬಸಲಿಂಗವ್ವ ತಂಬಿಗೆಯಲ್ಲಿ ಕಾಲಿಗೆ ನೀರು ತಂದಿಟ್ಟಳು. ಬಂದವನು ಕಟ್ಟೆಯ ಕೆಳಗೆ ಬೂಟು ಬಿಚ್ಚಿ, ಕಾಲು ತೊಳೆಯಲು ಬಚ್ಚಲ ಕಲ್ಲಿನ ಕಡೆ ಹೋದ. ನಾನೂ ಚಪ್ಪಲಿ ಬಿಟ್ಟೆ.

ಆಗ ಬಸಲಿಂಗವ್ವ ಬಗ್ಗಿ ಆ ಬೂಟುಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ಕೆಂಪುಗಪ್ಪು ತೊಗಲು, ಹೊಸ ಪಾಲಿಶ್, ಹಿಮ್ಮಡಿಗೆ ಕಬ್ಬಿಣದ ಲಾಳ. ಅವು ನನ್ನ ಮುಂದಿನಿಂದ ದಾಟಿ ಹೋಗುವಾಗ ವಾಸನೆ ಬಂತು. ಬಿಸಿಲಿನಿಂದ ಎತ್ತಿ ನೆರಳಿಗೆ ಇಟ್ಟಳು. ಇಟ್ಟ ಮೇಲೆ ಒಂದು ಗಳಿಗೆ ಬಗ್ಗಿಯೇ ಇದ್ದಳು.

ಅವನು ಬಂದು ಕಂಬಳಿಯ ಮೇಲೆ ಕುಳಿತ. ಅವಲಕ್ಕಿ, ಚಹಾ ಬಂದವು. "ಮಗಳು ಎಲ್ಲದಾಳ್ರಿ?"

"ಸ್ವಾದರಮಾವನ ಊರಿಗೆ ಹೋಗ್ಯಾಳ್ರಿ."

"ಓದಾಕ ಪರದೇಶಕ್ಕ ಕಳಸೂ ವಿಚಾರ ಏನರೇ ಐತೇನ್ರಿ?"

ಅವಳು ತಂಬಿಗೆಯನ್ನು ಎತ್ತಿ ಇನ್ನೊಂದು ಕಡೆ ಇಟ್ಟಳು. "ಇಲ್ರಿ. ಆಕಿಗೆ ಇಲ್ಲೇ ಛಲೋ ಐತ್ರಿ" ಎಂದಳು.

ಅವನು ಒಮ್ಮೆ ನನ್ನ ಕಡೆ ನೋಡಿದ. ಬಂದ ಊರೇ ತಪ್ಪಾಯಿತೇ ಎಂಬಂತಿತ್ತು ಮುಖ. ಚಹಾ ಮುಗಿಸಿ, ಬೂಟು ಹಾಕಿಕೊಂಡು, ನಮಸ್ಕಾರ ಹೇಳಿ ಹೋದ.

ಮಳೆ ಶುರುವಾದ ಮೇಲೆ ಪಾರ್ವತಿ ಊರಿಗೆ ಬಂದಳು. ಸಾಲಿಯ ಬಾಗಿಲಲ್ಲಿ ನಿಂತು ಕೇಳಿದಳು. "ಮಾಸ್ತರ, ನನ್ನ ಬಗ್ಗೆ ಕೇಳ್ಕೋತ ಪೊಲೀಸರು ಬಂದಿದ್ರೇನ್ರಿ?"

"ಪೊಲೀಸರು? ಇಲ್ಲಲ್ಲ. ನಿನ್ನ ಕೇಳ್ಕೋತ ಬಂದಾಂವ ಅಂದ್ರ ಆ ವರನ ಕಡಿಯಾಂವ ಒಬ್ಬನ..."

ಪೊಲೀಸರು ಹಾಕುವಂಥ ಆ ಲಾಳದ ಬೂಟು ಆಗ ನನ್ನ ಕಣ್ಣ ಮುಂದೆ ಬಂತು. ಪಾಸ್‌ಪೋರ್ಟ್ ಕೇಳಿದವರ ಊರಿಗೆ ಮಫ್ತಿಯಲ್ಲಿ ಪೊಲೀಸರು ಬಂದು ವಿಚಾರಿಸುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ವಯಸ್ಸು, ಓದು, ವಾಸ ಯಾವುದೂ ತಾಳೆಯಾಗುವುದಿಲ್ಲವೆಂದು ಅವಳ ಅರ್ಜಿ ತಿರುಗಿ ಬಂದಿತ್ತು.

"ಏನಂತ ಹೇಳಿದ್ರಿ ಅವಂಗ?"

"ಛಲೋದನ್ನ ಹೇಳೇವವ್ವಾ" ಎಂದೆ.

ನಾನು ಒಂದೊಂದೇ ಹೇಳಿದೆ. ಹತ್ತೊಂಬತ್ತು ಎಂದಾಗ ಅವಳು ನಕ್ಕಳು. ಸೆರಗು ಹಿಡಿದುಕೊಂಡು ಗುಡಿಗೆ ಹೋಗುತ್ತಾಳೆ ಎಂದಾಗ ಇನ್ನೂ ಜೋರಾಗಿ ನಕ್ಕಳು. "ಅವ್ವ ಏನಂದ್ಲು?" ಎಂದು ಕೇಳಿದಳು. ಅದನ್ನೂ ಹೇಳಿದೆ. ಆಮೇಲೆ ನಗಲಿಲ್ಲ. ಮತ್ತೆ ಅರ್ಜಿ ಹಾಕಿ, ಮತ್ತೆ ವಿಚಾರಣೆಯಾಗುವಷ್ಟರಲ್ಲಿ ಗಡುವು ಮುಗಿಯಿತು. ಮರುವರ್ಷ ಬರೆದಾಗ ಅಲ್ಲಿಂದ ಉತ್ತರ ಬರಲಿಲ್ಲ. ಅವಳು ಧಾರವಾಡದಲ್ಲೇ ಕಾಲೇಜಿನಲ್ಲಿ ಕಲಿಸಿ ನಿವೃತ್ತಳಾದಳು.

ಇಷ್ಟೇ ಆಗಿದ್ದರೆ ಊರಿನ ಪ್ರೀತಿಯ ದಡ್ಡತನ ಎಂದು ನಾನು ಸುಮ್ಮನಾಗುತ್ತಿದ್ದೆ. ಆದರೆ ಗಡುವು ಮುಗಿದ ಮೇಲೆ ಬಸಲಿಂಗವ್ವ ಯಮನೂರಿಗೆ ಹೋಗಿ ಸಕ್ಕರಿ ಓದಿಸಿಕೊಂಡು ಬಂದಳು. ಮನೆಮನೆಗೆ ಹಂಚಿದಳು. ನನ್ನ ಅಂಗೈಗೂ ಹಾಕಿದಳು. ಬೇಡಿಕೊಂಡದ್ದು ಸಿಕ್ಕ ಮೇಲಲ್ಲವೇ ಹರಕೆ ತೀರಿಸುವುದು? ಅಥವಾ ಹೊತ್ತ ಹರಕೆಯನ್ನು ಸಿಗಲಿ ಬಿಡಲಿ ಇಟ್ಟುಕೊಳ್ಳಬಾರದೆಂದು ತೀರಿಸಿದಳೋ? ಅಷ್ಟು ಭಾರದ ಬೂಟನ್ನು ಕೈಯಲ್ಲಿ ಹಿಡಿದವಳಿಗೆ ಅದು ಯಾರದೆಂದು ತಿಳಿಯಲಿಲ್ಲವೇ? ತಿಳಿದೂ ತಿಳಿದೇ "ಇಲ್ರಿ" ಎಂದಳೇ? ಹಾಗಾದರೆ ಆ ಚಟ್ನಿಯ ಪರೀಕ್ಷೆ ಏಕೆ? ಅವಳನ್ನು ನಾನು ಕೇಳಲಿಲ್ಲ. ಅವಳು ತೀರಿಕೊಂಡು ಬಹಳ ವರ್ಷವಾಯಿತು. ಶಂಕ್ರವ್ವನೂ ಹೋದಳು.

ಕೈಗೆ ಪಾಲಿಶ್ ಹತ್ತಿದ ಮೂರನೆಯ ದಿನ ಪಾರ್ವತಿ ನಮ್ಮನ್ನು ನೋಡಲು ಬಂದಿದ್ದಳು. ಮೊಣಕಾಲು ನೋವಿನ ಮಾತು ಮುಗಿದ ಮೇಲೆ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದಳು. "ಅವ್ವಗ ಗೊತ್ತಿತ್ತೇನ್ರಿ ಮಾಸ್ತರ?"

ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ನೋಡಿದ್ದನ್ನು ಹೇಳುತ್ತೇನೆ ಎಂದೆ. ಬೂಟಿನ ಸಂಗತಿ ಹೇಳಿದೆ. ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು.

"ಅವ್ವ ಯಾರ ಕಾಲಮರಿ ಇದ್ರೂ ನೆರಳಿಗಿ ಇಡ್ತಿದ್ಲಲ್ರಿ" ಎಂದಳು. "ಭಿಕ್ಷಾದವ್ರು ಬಂದ್ರೂ ಇಡ್ತಿದ್ಲು. ನಿಮ್ಮ ಚಪ್ಪಲಿನೂ ಇಟ್ಟಿರಬೇಕು, ನೆನಪ ಮಾಡ್ಕೋರಿ."

ನಾನು ನೆನಪು ಮಾಡಿಕೊಂಡೆ. ಆ ಮನೆಯಿಂದ ಹೊರಡುವಾಗ ಕಾದ ಚಪ್ಪಲಿಯಲ್ಲಿ ಕಾಲಿಟ್ಟು ಅಂಗಾಲು ಚುರ್ ಎಂದದ್ದು ನೆನಪಿದೆ. ಆದರೆ ಆ ಮನೆಗೆ ನಾನು ನೂರು ಸಲ ಹೋಗಿದ್ದೇನೆ. ಆ ಚುರುಕು ಅದೇ ಸೋಮವಾರದ್ದಾದರೆ ಅವಳು ಬೂಟನ್ನಷ್ಟೇ ಆರಿಸಿ ನೆರಳಿಗೆ ಇಟ್ಟಳು ಎಂದಾಗುತ್ತದೆ; ಹಾಗೆಂದು ಆಣೆ ಮಾಡಿ ಹೇಳಲಾರೆ. ಹೋದ ವಾರ ಮಗನ ಬೂಟು ಎತ್ತುವಾಗ ನಾನು ಏನೂ ಯೋಚಿಸಿರಲಿಲ್ಲ, ಕೈ ತಾನೇ ಎತ್ತಿ ಇಟ್ಟಿತ್ತು. ಇದನ್ನೂ ಅವಳಿಗೆ ಹೇಳಿದೆ. ಅವಳು ನನ್ನ ಕೈಗಳನ್ನು ನೋಡಿದಳು. ನಂತರ, "ಮುಂದಿನ ಐತವಾರ ಕಾರು ಮಾಡ್ಕೊಂಡ ಹೋಗೂಣು. ಬರ್ತೀರಿಲ್ರಿ?" ಎಂದಳು.

ಎಲ್ಲಿಗೆ ಎಂದು ನಾನು ಕೇಳಬೇಕಾಗಲಿಲ್ಲ. ಬಸಲಿಂಗವ್ವ ಬಗ್ಗಿದಾಗ ಕಟ್ಟೆಯ ಕೆಳಗೆ ನನ್ನ ಬಲಗಡೆ, ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು, ಕಣ್ಣು ಕೆಳಗೆ ಮಾಡಿ ನಿಂತಿದ್ದವನು ಮಾಬುಸಾಬ. ಅವನು ಇನ್ನೂ ಇದ್ದಾನೆ, ನವಲಗುಂದದಲ್ಲಿ ಮಗಳ ಮನೆಯಲ್ಲಿ. ನನ್ನ ಚಪ್ಪಲಿ ಬಿಸಿಲಿನಲ್ಲಿದ್ದವೋ ನೆರಳಿನಲ್ಲಿದ್ದವೋ, ನೋಡಿದ್ದರೆ ಅವನೊಬ್ಬನೇ ನೋಡಿದ್ದಾನೆ.