ಹಬೆಯ ಹದ ಬಲ್ಲ ಚಿಕ್ಕಮಲ್ಲಮ್ಮ

ಬೆಳಗಿನ ಐದೂಕಾಲು. ಗುಂಡ್ಲುಪೇಟೆ ಹತ್ತಿರದ ಭೀಮನಬೀಡಿನ ಹೊಲಗಳ ಮೇಲೆ ಕವಿದ ಮಂಜು ಇನ್ನೂ ಎದ್ದಿಲ್ಲ. ಟ್ರ್ಯಾಕ್ಟರ್ ಎಳೆದು ತಂದು ನಿಲ್ಲಿಸಿದ ಬಾಯ್ಲರಿನ ಒಲೆಗೆ ಬೆಂಕಿ ಬಿದ್ದು ಮುಕ್ಕಾಲು ಗಂಟೆಯಾಗಿದೆ. ತಲೆಗೆ ಟವೆಲ್ ಸುತ್ತಿ, ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ಪೈಪಿನ ವಾಲ್ವನ್ನು ಕಾಲು ಸುತ್ತು ತಿರುಗಿಸುತ್ತಾರೆ. ಪೈಪಿನ ಆ ತುದಿಯಲ್ಲಿ ಎದೆಮಟ್ಟದ ಡ್ರಮ್ಮು, ಅದರ ತುಂಬ ನಿನ್ನೆ ಕಿತ್ತ ಹಸಿ ಅರಿಶಿನ. ಹಬೆ ಬುಸ್ಸೆಂದು ಒಳನುಗ್ಗುವ ಸದ್ದು ಕೇಳುತ್ತದೆ. ಆದರೆ ಡ್ರಮ್ಮಿನ ಮುಚ್ಚಳದ ಸಂದಿಯಿಂದ ಒಂದೆಳೆಯೂ ಹೊರಗೆ ಬರುವುದಿಲ್ಲ. ಐದು ನಿಮಿಷ ಕಳೆಯುತ್ತದೆ, ಎಂಟು ನಿಮಿಷ ಕಳೆಯುತ್ತದೆ. ಅಷ್ಟೊಂದು ಹಬೆ ಹೋಗುತ್ತಿರುವುದಾದರೂ ಎಲ್ಲಿಗೆ?

“ಅರಿಶ್ಣ ಕುಡೀತಾ ಅದ ಕಣಪ್ಪ,” ಎನ್ನುತ್ತಾರೆ ಚಿಕ್ಕಮಲ್ಲಮ್ಮ, ವಾಲ್ವಿನಿಂದ ಕೈ ತೆಗೆಯದೆ. “ತಣ್ಣಗಿರಗಂಟ ಕುಡೀತದ. ಒಟ್ಟೆ ತುಂಬುದ್ ಮ್ಯಾಲ ಉಗೀತದ. ನೋಡ್ತಿರು.”

ಹನ್ನೆರಡನೆಯ ನಿಮಿಷಕ್ಕೆ ಮುಚ್ಚಳದ ಸುತ್ತಲಿಂದ ಬಿಳಿ ಹಬೆ ಒಮ್ಮೆಲೇ ಚಿಮ್ಮುತ್ತದೆ. ಇಡೀ ಹೊಲಕ್ಕೆ ಅರಿಶಿನದ ಘಾಟು ಹರಡುತ್ತದೆ. ಡ್ರಮ್ಮಿನ ತಳದ ತೂತಿನಿಂದ ಹಳದಿ ನೀರು ಸುರಿಯುತ್ತಿದೆ. ಆ ನೀರನ್ನು ಯಾರೂ ಹೊಯ್ದದ್ದಲ್ಲ. ಬಾಯ್ಲರಿನಲ್ಲಿ ನೀರಾಗಿದ್ದದ್ದು ಹಬೆಯಾಗಿ ಪೈಪು ದಾಟಿ, ಅರಿಶಿನದ ತಣ್ಣನೆಯ ಮೈಗೆ ತಗುಲಿ, ಹೊತ್ತು ತಂದ ಕಾವನ್ನೆಲ್ಲ ಅಲ್ಲೇ ಇಳಿಸಿ, ಮತ್ತೆ ನೀರಾಗಿ ಹೊರಬಿದ್ದದ್ದು. ಮೂವತ್ತು ವರ್ಷದಿಂದ ಅರಿಶಿನ ಬೇಯಿಸುತ್ತಿರುವ ಚಿಕ್ಕಮಲ್ಲಮ್ಮ ಈಗಲೂ ಆ ನೀರನ್ನು ಒಂದು ಗಳಿಗೆ ನಿಂತು ನೋಡುತ್ತಾರೆ.

ವಯಸ್ಸು ಐವತ್ತನಾಲ್ಕು. ಓದಿದ್ದು ಎರಡನೆಯ ತರಗತಿ. ಈ ಸುತ್ತಿನ ಹಳ್ಳಿಗಳಲ್ಲಿ ಬಾಯ್ಲರಿನ ಮುಂದೆ ನಿಲ್ಲುವ ಹೆಂಗಸು ಇವರೊಬ್ಬರೇ. ಸಂಕ್ರಾಂತಿ ಮುಗಿದ ಮೇಲೆ ಶುರುವಾಗುವ ಕೆಲಸ ಯುಗಾದಿಯವರೆಗೆ ಬಿಡುವು ಕೊಡುವುದಿಲ್ಲ. ಡ್ರಮ್ಮೊಂದಕ್ಕೆ ಒಂದೂವರೆ ಕ್ವಿಂಟಲ್ ಅರಿಶಿನ ಹಿಡಿಯುತ್ತದೆ. ಒಂದು ಬೇಯುವಾಗ ಇನ್ನೊಂದನ್ನು ತುಂಬುತ್ತಾರೆ. ದಿನಕ್ಕೆ ನಲವತ್ತು ಡ್ರಮ್ಮು, ಅಂದರೆ ಅರವತ್ತು ಕ್ವಿಂಟಲ್. ಬಾಯ್ಲರಿಗೆ ಎರಡು ಸಲವಾದರೂ ನೀರು ತುಂಬಬೇಕು. ಪ್ರತಿ ಡ್ರಮ್ಮಿನಿಂದಲೂ ಒಂದು ಕೊಂಬನ್ನು ತೆಗೆದು, ಮುರಿದು, ಒಳಗಿನ ಬಣ್ಣ ನೋಡುತ್ತಾರೆ. ಬೇಯುವುದು ಕಡಿಮೆಯಾದರೆ ನಡುವೆ ಬಿಳಿ ಸುಣ್ಣದಂತೆ ಉಳಿದು ಹುಳು ಬೀಳುತ್ತದೆ. ಹೆಚ್ಚಾದರೆ ಬಣ್ಣ ಕೆಡುತ್ತದೆ. ಇವೆರಡರ ನಡುವಿನ ಹದ ಎರಡು ಮೂರು ನಿಮಿಷದ್ದು.

ಈ ಹದ ಅವರಿಗೆ ಸುಮ್ಮನೆ ಕೈಗೂಡಿದ್ದಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಈ ಕಡೆ ಬಾಯ್ಲರ್ ಇರಲಿಲ್ಲ. ಹೊಲದಲ್ಲೇ ಗುಂಡಿ ತೋಡಿ, ದೊಡ್ಡ ಕಬ್ಬಿಣದ ಕೊಪ್ಪರಿಗೆ ಇಟ್ಟು, ನೀರು ತುಂಬಿ ಅರಿಶಿನ ಬೇಯಿಸುತ್ತಿದ್ದರು. ಚಿಕ್ಕಮಲ್ಲಮ್ಮ, ಅವರ ಗಂಡ ಪುಟ್ಟಮಾದಯ್ಯ ಇಬ್ಬರೂ ಒಂದೇ ಕೊಪ್ಪರಿಗೆಯ ಕೆಲಸದವರು. ಒಂದು ಮಧ್ಯಾಹ್ನ ಬೆಂದ ಅರಿಶಿನವನ್ನು ಎತ್ತಿ ಕಣಕ್ಕೆ ಹಾಕಿ ಎಲ್ಲರೂ ಉಣ್ಣಲು ಕೂತಿದ್ದಾರೆ. ಕೊಪ್ಪರಿಗೆಯಲ್ಲಿ ಉಳಿದಿದ್ದ ಚೂರು ನೀರು ಆರಿಹೋಗಿದೆ, ಕೆಳಗೆ ಬೆಂಕಿ ಉರಿಯುತ್ತಲೇ ಇದೆ. ಮುಂದಿನ ಒಬ್ಬೆಗೆ ನೀರು ಕಾಯಲೆಂದು ಪುಟ್ಟಮಾದಯ್ಯ ಒಂದು ಬಿಂದಿಗೆ ತಣ್ಣೀರು ತಂದು ಬಗ್ಗಿ ಸುರಿದರು.

ಆ ನೀರು ನೀರಾಗಿ ಉಳಿಯಲೇ ಇಲ್ಲ. ಢಂ ಎಂದ ಸದ್ದಿಗೆ ತಿರುಗಿ ನೋಡಿದರೆ ಬಿಳಿ ಮೋಡವೊಂದು ಮನುಷ್ಯನನ್ನೇ ನುಂಗಿತ್ತು.

“ಮೋಡದೊಳಗಿಂದ ಇವ್ರ ಕೂಗು ಮಾತ್ರ ಕೇಳ್ತಾ ಇತ್ತು. ಆಳು ಕಾಣ್ತಿರ್ನಿಲ್ಲ,” ಎನ್ನುತ್ತಾರೆ ಚಿಕ್ಕಮಲ್ಲಮ್ಮ.

ಪುಟ್ಟಮಾದಯ್ಯ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದರು. ಜೀವ ಉಳಿಯಿತು. ಆದರೆ ಎಡಗೈಯ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡವು. ಹಾಸಿಗೆಯ ಪಕ್ಕ ಕೂತಿದ್ದ ಆ ದಿನಗಳಲ್ಲಿ ಚಿಕ್ಕಮಲ್ಲಮ್ಮನನ್ನು ಒಂದೇ ಪ್ರಶ್ನೆ ಕಾಡುತ್ತಿತ್ತು. ಅದೇ ಸುಗ್ಗಿಯಲ್ಲಿ ಕುದಿಯುವ ನೀರು ಚಿಕ್ಕಮಲ್ಲಮ್ಮನ ಕಾಲಿನ ಮೇಲೂ ಬಿದ್ದಿತ್ತು. ಬೊಬ್ಬೆ ಎದ್ದು ಎರಡು ವಾರಕ್ಕೆ ಮಾಯಿತ್ತು. ಅದೇ ಕೊಪ್ಪರಿಗೆ, ಅದೇ ಬೆಂಕಿ, ಅದೇ ಬಾವಿಯ ನೀರು. ನೀರು ಸುಟ್ಟದ್ದು ಚರ್ಮವನ್ನಷ್ಟೇ, ಹಬೆ ಮಾಂಸಕ್ಕೇ ಇಳಿದಿತ್ತು. ಕಣ್ಣಿಗೆ ಹತ್ತಿಯಷ್ಟು ಹಗುರಾಗಿ ಕಾಣುವ ಹಬೆಯೊಳಗೆ ಅಂಥದ್ದೇನಿದೆ?

ಮರುವರ್ಷ ನೆಂಟರೆಲ್ಲ ಬೇಡವೆಂದರು. ಚಿಕ್ಕಮಲ್ಲಮ್ಮ ಮಾತ್ರ ಕೊಪ್ಪರಿಗೆಯ ಮುಂದೆ ಹೋಗಿ ಕೂತರು. ಈ ಸಲ ಕೆಲಸದ ಜೊತೆಗೆ ನೋಡುವುದೂ ಶುರುವಾಯಿತು. ಒಣಗಿದ ಅರಿಶಿನದ ಸೋಗೆ ಒಂದು ಹೊರೆ ಉರಿಸಿದರೆ ನೀರು ಕುದಿ ಬರುತ್ತದೆ. ಅಲ್ಲಿಂದ ಮುಂದೆ ಹೊರೆಗಟ್ಟಲೆ ತುರುಕಿದರೂ ಅರಿಶಿನ ಒಂದು ನಿಮಿಷವೂ ಮೊದಲು ಬೇಯುವುದಿಲ್ಲ. ಹಬೆ ಮಾತ್ರ ರಾಶಿರಾಶಿ ಏಳುತ್ತದೆ. ಹಾಗಾದರೆ ಆ ಬೆಂಕಿಯೆಲ್ಲ ನೀರನ್ನು ಇನ್ನಷ್ಟು ಕಾಯಿಸುತ್ತಿಲ್ಲ, ಹಬೆಯ ಹೊಟ್ಟೆ ಸೇರುತ್ತಿದೆ. ಗಂಡನ ಮೈಮೇಲೆ ಇಳಿದದ್ದು ಅದೇ.

“ನನ್ ಅಷ್ಟಕ್ಕ ನಾನೇ ಅಂದ್ಕಂಡಿ. ಯಾರ್ಗೂ ಏಳ್ನಿಲ್ಲ. ಏಳುದ್ರ ನಗ್ತಾರ ಅಂತ.”

ಕುದಿ ಬಂದ ಮೇಲೆ ಅವರು ಬೆಂಕಿ ತಗ್ಗಿಸತೊಡಗಿದರು. ಅರ್ಧ ಸೋಗೆಯಲ್ಲೇ ಅವರ ಕೊಪ್ಪರಿಗೆ ಬೇಯುತ್ತಿತ್ತು. ಇದನ್ನು ಗಮನಿಸಿದವರು ಬೇಗೂರಿನ ಗುರುಪಾದಸ್ವಾಮಿ, ಸ್ವಂತ ಹೊಲವೂ ಅರಿಶಿನದ ವ್ಯಾಪಾರವೂ ಇರುವವರು. ಹನ್ನೊಂದು ವರ್ಷದ ಹಿಂದೆ ಅವರು ಬಾಯ್ಲರ್ ತಂದರು. ನಡೆಸಲು ಬಂದ ಇಬ್ಬರು ಗಂಡಸರು ಒಂದೊಂದು ಸುಗ್ಗಿಗೇ ಬಿಟ್ಟು ಹೋದರು. ಮೂರನೆಯ ವರ್ಷ ಅವರು ಚಿಕ್ಕಮಲ್ಲಮ್ಮನನ್ನು ಕರೆಸಿದರು. ಹೆಂಗಸಿನ ಕೈಗೆ ಬಾಯ್ಲರಾ ಎಂದು ಜಗಲಿಯ ಮೇಲೆ ಕೂತವರು ಆಡಿಕೊಂಡದ್ದುಂಟು.

ಆ ಮಾತು ನಿಂತದ್ದು ಮೂರು ವರ್ಷದ ಹಿಂದಿನ ಒಂದು ಫೆಬ್ರವರಿಯಲ್ಲಿ.

ಬೇಗೂರಿನ ಅಂಚಿನ ಹೊಲ. ಬೆಳಗಿನ ಹನ್ನೊಂದು ಗಂಟೆ. ಬಾಯ್ಲರಿನಿಂದ ಹತ್ತು ಮಾರು ದೂರದಲ್ಲಿ ಹದಿನೆಂಟು ಹೆಂಗಸರು ಕೂತು ಗಡ್ಡೆಯಿಂದ ಕೊಂಬು ಮುರಿಯುತ್ತಿದ್ದಾರೆ. ಒಲೆಯಲ್ಲಿ ಬೆಂಕಿ ಧಗಧಗ ಎನ್ನುತ್ತಿದೆ. ಬಾಯ್ಲರಿಗೆ ಸಿಕ್ಕಿಸಿದ ಗಾಜಿನ ಕೊಳವೆ ನೀರು ಅರ್ಧಕ್ಕಿದೆ ಎಂದು ತೋರಿಸುತ್ತಿದೆ. ಆದರೆ ಹನ್ನೆರಡು ಹದಿನೈದು ನಿಮಿಷಕ್ಕೆ ಉಗಿಯಬೇಕಾದ ಡ್ರಮ್ಮು ಇಪ್ಪತ್ತೈದಾದರೂ ಉಗಿಯುತ್ತಿಲ್ಲ. ತಳದ ಹಳದಿ ನೀರು ದಾರದಷ್ಟು ಸಣ್ಣಗಾಗಿದೆ. ಬೆಂಕಿ ಇಷ್ಟಿದ್ದೂ ಹಬೆ ಇಲ್ಲವೆಂದರೆ ಬೆಂಕಿಯ ಕಾವು ಹೋಗುತ್ತಿರುವುದೆಲ್ಲಿಗೆ? ಚಿಕ್ಕಮಲ್ಲಮ್ಮ ಕಿವಿಗೊಟ್ಟರು. ಬಾಯ್ಲರಿನೊಳಗಿನ ಕೊತಕೊತ ಸದ್ದು ನಿಂತಿತ್ತು. ಬಣ್ಣ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಕೊಳವೆಬಾವಿಯ ಗಡಸು ನೀರಿನ ಗಷ್ಟು ಗಾಜಿನ ಕೊಳವೆಯ ಬಾಯಿಗೆ ಕಟ್ಟಿಕೊಂಡು, ಯಾವಾಗಿನದೋ ನೀರು ಅಲ್ಲೇ ನಿಂತಿತ್ತು. ಒಳಗೆ ಬಾಯ್ಲರ್ ಬತ್ತಿತ್ತು. ಬರಿ ಕಬ್ಬಿಣ ಕಾಯುತ್ತಿತ್ತು.

ಟ್ರ್ಯಾಕ್ಟರ್ ಡ್ರೈವರ್ ಹುಚ್ಚಯ್ಯನಿಗೂ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಬಾಯ್ಲರಿಗೆ ನೀರು ತುಂಬುವ ಪಂಪನ್ನು ಚಾಲೂ ಮಾಡಲು ಆತ ಓಡಿಹೋಗಿ ಅದರ ಹಗ್ಗಕ್ಕೆ ಕೈ ಹಾಕಿದ.

“ನೀರ್ ಬುಟ್ಬುಡ್ಲಾ, ಅಕ್ಕ?”

“ಬುಡಬ್ಯಾಡ ಕಣ್ಲಾ! ಕೈ ತಗಿ! ಒಂದ್ ತೊಟ್ಟೂ ಬುಡಬ್ಯಾಡ!”

ಚಿಕ್ಕಮಲ್ಲಮ್ಮ ಹಾರಿ ಹೋಗಿ ಅವನ ರಟ್ಟೆ ಹಿಡಿದು ಎಳೆದರು. ಆಮೇಲೆ ಹೆಂಗಸರತ್ತ ತಿರುಗಿ ಕೂಗಿದರು. “ಏಳ್ರಮ್ಮೀ! ಎಲ್ಲಾ ಬುಟ್ಟು ಓಡಿ! ಉಣಸೆಮರದಿಂದ ಆಚ್ಗೆ ಓಗಿ!” ಆ ದನಿಯಲ್ಲಿ ಏನಿತ್ತೋ, ಯಾರೂ ಏಕೆಂದು ಕೇಳಲಿಲ್ಲ. ಹದಿನೆಂಟು ಜನವೂ ಎದ್ದು ಓಡಿದರು.

ಅವರು ಮಾತ್ರ ಓಡಲಿಲ್ಲ. ಉದ್ದ ಹಿಡಿಯ ಗುದ್ದಲಿ ಹಿಡಿದು ಒಲೆಯ ಬಾಯಿಗೆ ನಿಂತು ಉರಿಯುವ ಸೌದೆಯನ್ನು ಹೊರಗೆಳೆಯತೊಡಗಿದರು. ಓಡಿದ್ದ ಹುಚ್ಚಯ್ಯ ಅರ್ಧ ದಾರಿಯಿಂದ ತಿರುಗಿ ಬಂದು, ಎಳೆದ ಕೆಂಡದ ಮೇಲೆ ಮಣ್ಣು ಎರಚಿದ. ಐದು ನಿಮಿಷದ ಕೆಲಸ. ಆಮೇಲೆ ಇಬ್ಬರೂ ಹುಣಸೆಮರದಾಚೆ ಹೋಗಿ ಕೂತರು.

ಸುದ್ದಿ ತಿಳಿದು ಬೈಕಿನಲ್ಲಿ ಬಂದ ಗುರುಪಾದಸ್ವಾಮಿ, “ಏನ್ ಮಲ್ಲಮ್ಮ, ಕೆಲ್ಸ ನಿಲ್ಸ್ಬುಟ್ಟಿದ್ದೀಯ?” ಎಂದು ಬಾಯ್ಲರಿನ ಕಡೆಗೇ ನಡೆದರು.

“ಅಲ್ಲೇ ನಿಲ್ಲಿ ಸ್ವಾಮೇರೆ,” ಎಂದರು ಚಿಕ್ಕಮಲ್ಲಮ್ಮ. “ಸಂಜಗಂಟ ಯಾರೂ ಮುಟ್ಟಂಗಿಲ್ಲ. ನೀವೂ ಮುಟ್ಟಂಗಿಲ್ಲ.”

ಮಾಲೀಕರಿಗೆ ಅವರು ಹಾಗೆ ಎದುರು ಹೇಳಿದ್ದು ಅದೇ ಮೊದಲು. ಗುರುಪಾದಸ್ವಾಮಿ ನಿಂತರು.

ಮರುದಿನ ಗುಂಡ್ಲುಪೇಟೆಯಿಂದ ಬಂದ ಮೆಕ್ಯಾನಿಕ್ ಬಾಯ್ಲರ್ ಬಿಚ್ಚಿದ. ತಳದ ತಗಡು ನೀಲಿಗಟ್ಟಿ ಜೋಲು ಬಿದ್ದಿತ್ತು. ಆತ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದ. “ಇದ್ರ ಮ್ಯಾಲೆ ಒಂದ್ ಕೊಡ ತಣ್ಣೀರು ಬಿದ್ದಿದ್ರೂ ಬಾಯ್ಲರ್ ಸಿಡಿಯಕ್ಕೆ ಸಾಕಾಗಿತ್ತು ಸ್ವಾಮಿ,” ಎಂದಷ್ಟೇ ಹೇಳಿದ. ಗುರುಪಾದಸ್ವಾಮಿ, ಅವತ್ತೂ ಕೆಲಸಕ್ಕೆ ಬಂದು ಹುಣಸೆಮರದ ಕೆಳಗೆ ಕಾದಿದ್ದ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡಿದರು. ಈಗ ಅದನ್ನು ನೆನೆದು ಅವರು ಹೇಳುತ್ತಾರೆ, “ಅವತ್ತಿಂದ ಬಾಯ್ಲರ್ ಇಸ್ಯಕ್ಕೆ ನಾನು ಮಾತಾಡಲ್ಲ. ಮಲ್ಲಮ್ಮ ಏಳಿದ್ದೇ ಸೈ.”

ಆ ಹದಿನೆಂಟು ಹೆಂಗಸರಲ್ಲೊಬ್ಬರ ಮಗಳು ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಅವಳ ಬಾಯಿಂದ ಕಥೆ ವಿಜ್ಞಾನದ ಮೇಡಂ ರೂಪಶ್ರೀ ಅವರನ್ನು ತಲುಪಿತು. ಒಂದು ಭಾನುವಾರ ಅವರು ಥರ್ಮಾಮೀಟರ್ ಹಿಡಿದು ಭೀಮನಬೀಡಿಗೆ ಬಂದೇಬಿಟ್ಟರು. ಚಿಕ್ಕಮಲ್ಲಮ್ಮನ ಮನೆಯ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಪಾತ್ರೆಯಲ್ಲಿ ಒಂದಿಷ್ಟು ನೀರಿಟ್ಟು, ಉರಿ ಹೆಚ್ಚುಕಡಿಮೆಯಾಗದಂತೆ ನೋಡಿಕೊಳ್ಳಲು ಹೇಳಿದರು. ಹಾಗೆ ಉರಿ ಕಾಯುವುದರಲ್ಲಿ ಚಿಕ್ಕಮಲ್ಲಮ್ಮನಿಗಿಂತ ಬೇರೆಯವರು ಬೇಕೆ?

ಪಾದರಸ ಸರಸರನೆ ಏರಿತು. ಎಂಟು ನಿಮಿಷಕ್ಕೆ ತೊಂಬತ್ತೇಳು ಡಿಗ್ರಿ. ಸಮುದ್ರದ ಮಟ್ಟದಲ್ಲಾದರೆ ನೂರು, ಗುಂಡ್ಲುಪೇಟೆಯ ಎತ್ತರಕ್ಕೆ ತೊಂಬತ್ತೇಳಕ್ಕೇ ಕುದಿ ಬಂತು. ಅಲ್ಲಿಗೆ ಪಾದರಸ ನಿಂತಿತು. ಬೆಂಕಿ ಉರಿಯುತ್ತಲೇ ಇತ್ತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಪಾದರಸ ಕೂದಲೆಳೆಯಷ್ಟೂ ಮೇಲೇರಲಿಲ್ಲ. ಪಾತ್ರೆಯ ನೀರೆಲ್ಲ ಆರಲು ಹಿಡಿದದ್ದು ಹತ್ತಿರ ಹತ್ತಿರ ಒಂದು ಗಂಟೆ. ಕುದಿ ಬರಿಸಲು ಬೇಕಾದ ಕಾವಿನ ಏಳರಷ್ಟು ಕಾವು, ಥರ್ಮಾಮೀಟರಿಗೆ ಸುಳಿವೇ ಕೊಡದೆ ಹಬೆಯೊಳಗೆ ಅಡಗಿ ಹೋಗಿತ್ತು.

“ಇಷ್ಟು ಬೆಂಕಿ ಎಲ್ಲಿಗೆ ಹೋಯ್ತು, ಅಮ್ಮ?” ರೂಪಶ್ರೀ ಕೇಳಿದರು.

“ಅಬೆ ಒತ್ಕಂಡು ಓಯ್ತು, ಮೇಡಮ್ಮಾರೆ. ಎಲ್ಲಿ ತಣ್ಣಗದೋ ಅಲ್ಲಿ ಇಳ್ಸ್ತದ. ಅರಿಶ್ಣದ ಮ್ಯಾಲ ಇಳುದ್ರ ಬೇಯ್ತದ. ಮನ್ಸನ ಮ್ಯಾಲ ಇಳುದ್ರ...” ಎಂದು ಅವರು ಪಕ್ಕದಲ್ಲಿ ಕೂತಿದ್ದ ಗಂಡನ ಕೈ ನೋಡಿದರು.

ರೂಪಶ್ರೀ ಆ ಅಡಗಿದ ಕಾವಿಗೆ ಪುಸ್ತಕದಲ್ಲಿ ಗುಪ್ತೋಷ್ಣ ಎನ್ನುತ್ತಾರೆಂದೂ, ಒಂದು ಲೋಟ ನೀರು ಹಬೆಯಾದರೆ ಸಾವಿರದಾರುನೂರು ಲೋಟದಷ್ಟು ಜಾಗ ಬೇಡುತ್ತದೆಂದೂ ಹೇಳಿದರು. ಕೆಂಪಗೆ ಕಾದ ಬಾಯ್ಲರಿನೊಳಗೆ ಆ ಜಾಗ ಎಲ್ಲಿಂದ ಬರಬೇಕು? ಚಿಕ್ಕಮಲ್ಲಮ್ಮ ಬಾಯಿ ತೆರೆದುಕೊಂಡು ಕೇಳಿಸಿಕೊಂಡರು. ಸಾವಿರದಾರುನೂರು ಎಂದು ತಾವೇ ಎರಡು ಸಲ ಹೇಳಿಕೊಂಡರು. ಆಮೇಲೆ ನಕ್ಕರು.

“ಗುಪ್ತೋಷ್ಣ ಅಂತ ಎಸ್ರು ಇವತ್ ಗೊತ್ತಾಯ್ತು. ಆಸಾಮಿ ಮೊದ್ಲಿಂದ್ಲೂ ಗೊತ್ತು.”

ಆ ವರ್ಷ ರೂಪಶ್ರೀ ಚಿಕ್ಕಮಲ್ಲಮ್ಮನನ್ನು ಶಾಲೆಗೂ ಕರೆಸಿದರು. ಹತ್ತನೆಯ ತರಗತಿಯ ಮುಂದೆ ನಿಂತ ಅವರನ್ನು ಹುಡುಗಿಯೊಬ್ಬಳು ಎದ್ದು, “ನಿಮಗೆ ಹೆದರಿಕೆ ಆಗಲ್ವಾ ಅಮ್ಮ?” ಎಂದು ಕೇಳಿದಳು.

“ದಿನಾ ಆಯ್ತದ ಕಣಮ್ಮಿ,” ಎಂದರು ಚಿಕ್ಕಮಲ್ಲಮ್ಮ. “ಎದ್ರಿಕೆ ಇರದ್ರಿಂದ್ಲೇ ಕಿವಿ ಚುರುಕಾಗಿರದು.”

ಪುಟ್ಟಮಾದಯ್ಯನವರೂ ಈಗ ಹೊಲಕ್ಕೆ ಬರುತ್ತಾರೆ. ಅನೇಕ ವರ್ಷ ಹಬೆಯ ಸದ್ದು ಕೇಳಿದರೆ ಎದ್ದು ಹೋಗುತ್ತಿದ್ದವರು, ಇಂದು ಬಾಯ್ಲರಿನಿಂದ ಸ್ವಲ್ಪ ದೂರದಲ್ಲಿ ಬೆನ್ನು ಮಾಡಿ ಕೂತು, ಬೆಂದ ಕೊಂಬನ್ನು ಬಲಗೈಯಿಂದ ಹರಡುತ್ತಾರೆ. “ಅವ್ಳು ಅಲ್ಲಿ ನಿಂತವ್ಳಲ್ಲ, ಅದ್ಕೇ ಕೂತಿವ್ನಿ,” ಎನ್ನುತ್ತಾರೆ.

ರಿಪೇರಿಯಾದ ಬಾಯ್ಲರಿಗೆ ಚಿಕ್ಕಮಲ್ಲಮ್ಮ ಒಂದೇ ಒಂದನ್ನು ಕೇಳಿದ್ದರು. ಗಾಜಿನ ಕೊಳವೆಯನ್ನು ನಂಬುವಂತಿಲ್ಲ, ಪಕ್ಕಕ್ಕೆ ಎರಡು ನಲ್ಲಿ ಬೇಕು, ಒಂದು ಮೇಲೆ, ಒಂದು ಕೆಳಗೆ. ತಿರುಗಿಸಿದರೆ ಮೇಲಿನದರಲ್ಲಿ ಹಬೆ ಬರಬೇಕು, ಕೆಳಗಿನದರಲ್ಲಿ ನೀರು ಬರಬೇಕು. ಕೆಳಗಿನದರಲ್ಲೂ ಹಬೆ ಬಂದರೆ ನೀರು ಇಳಿದಿದೆ ಎಂದರ್ಥ, ಒಲೆಯ ಬೆಂಕಿ ಹೊರಗೆಳೆಯಬೇಕು. ಮೆಕ್ಯಾನಿಕ್ ಮರುಮಾತಿಲ್ಲದೆ ಕೂರಿಸಿಕೊಟ್ಟ. ಅದನ್ನು ನೋಡಿ ಪಕ್ಕದ ಊರಿನವರು ಹಾಕಿಸಿದರು, ಅವರನ್ನು ನೋಡಿ ಇನ್ನೊಬ್ಬರು. ಈಗ ಈ ಸುತ್ತಿನ ಏಳು ಬಾಯ್ಲರುಗಳಿಗೆ ಆ ಜೋಡಿ ನಲ್ಲಿ ಇದೆ. ಡ್ರೈವರುಗಳು ಅದನ್ನು ‘ಮಲ್ಲಮ್ಮನ ನಲ್ಲಿ’ ಎನ್ನುತ್ತಾರೆ.

ಹಾಗೆ ಕರೆಯುತ್ತಾರಂತಲ್ಲ ಎಂದು ಕೇಳಿದರೆ ಚಿಕ್ಕಮಲ್ಲಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಾರೆ.

“ನನ್ ಎಸ್ರು ಯಾಕಪ್ಪ ಅದ್ಕ? ಒತ್ತಾರೆ ಬೆಂಕಿ ಆಕಕ್ ಮುಂಚ ಒಂದ್ಸಲ, ಉರಿವಾಗ್ಲೂ ಆಗಾಗ ತಿರುಗ್ಸಿ ನೋಡ್ಲಿ. ಅಷ್ಟ್ ಮಾಡುದ್ರ ಸಾಕು.”