ಮಹಡಿ ಕೋಣೆಯ ಮಿಣುಕು ಸೂರ್ಯ

ಬ್ಯಾಡಗಿಯಲ್ಲಿ ಏಪ್ರಿಲ್ ತಿಂಗಳ ಬಿಸಿಲಿಗೆ ಬರವಿಲ್ಲ. ಅಂಗಳದಲ್ಲಿ ಹಪ್ಪಳ ಹರವಿ, ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಅದರ ಅಂಚು ಮೇಲೆದ್ದಿರುತ್ತದೆ. ಅಂಥ ಊರಿನಲ್ಲಿ, ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಬೇಸಿಗೆಯಲ್ಲಿ, ನನ್ನ ಗಂಡನ ಅಣ್ಣ ಮಹಡಿ ಕೋಣೆಯ ಕಿಟಕಿಗಳಿಗೆಲ್ಲ ಪ್ಲೈವುಡ್ ಹೊಡೆಸಿ, ಒಂದು ಎಳೆ ಬಿಸಿಲೂ ಒಳಗೆ ಬಾರದ ಹಾಗೆ ಮಾಡಿದರು. ಆಮೇಲೆ ಆ ಕತ್ತಲೆಯಲ್ಲಿ ಮೆಣಸಿನ ಸಸಿ ಬೆಳೆಸುವುದಕ್ಕೆ ದೀಪ ಹಚ್ಚಿದರು.

ಭಾವನವರಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇತ್ತು. ಬೀಜ ವ್ಯಾಪಾರಿಗಳ ಯಾವುದೋ ಸಭೆಗೆ ಹೋದಾಗ, ಪರದೇಶದವರು ಮನೆಯೊಳಗೆ ದೊಡ್ಡ ದೀಪಗಳ ಕೆಳಗೆ ಸಸಿ ಬೆಳೆಸುವ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರಂತೆ. ಆ ದೇಶದಲ್ಲಿ ವರ್ಷಕ್ಕೆ ಆರು ತಿಂಗಳು ಹಿಮ ಬೀಳುತ್ತದೆ ಎಂಬುದನ್ನೂ ಹೇಳಿರಬೇಕು. ಭಾವನವರು ಆಗ ಚಹಾಕ್ಕೆ ಎದ್ದು ಹೋಗಿದ್ದರೆಂದು ಕಾಣುತ್ತದೆ.

"ಬಿಸಲಿಗೆ ಶಿಸ್ತಿಲ್ಲ," ಎಂದು ಊಟಕ್ಕೆ ಕುಳಿತಾಗ ನಮಗೆಲ್ಲ ತಿಳಿಹೇಳಿದರು. "ಒಮ್ಮೆ ಮೋಡ ಬರತೈತಿ, ಒಮ್ಮೆ ಹೋಗತೈತಿ. ದೀಪಕ್ಕ ಶಿಸ್ತೈತಿ. ಮುಂದಿನ ವರ್ಷ ಈ ಭಾಗದ ರೈತರೆಲ್ಲಾ ನಮ್ಮ ಮನೀಗೆ ಸಸಿ ನೋಡಾಕ ಬರ್ತಾರ, ನೀವು ನೋಡ್ತಿರ್ರಿ."

ನನ್ನ ಗಂಡ ಅಣ್ಣನ ಎದುರು ರೊಟ್ಟಿ ಮುರಿಯುವ ಸದ್ದನ್ನೂ ಮಾಡದವರು. ಭಾವನವರ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದರು. ಅವರೊಬ್ಬರು ಇದ್ದಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ. ನಾನು ಮೋಟೆಬೆನ್ನೂರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ, ಬೇಸಿಗೆ ರಜೆ ಎಂದು ಮನೆಯಲ್ಲೇ ಇದ್ದೆ. ಹೀಗಾಗಿ ಸಸಿಗಳಿಗೆ ನೀರು ಹಾಕುವ ಕೆಲಸ ಶಿಸ್ತಾಗಿ ನನ್ನ ಪಾಲಿಗೆ ಬಂತು.

ದೀಪವನ್ನು ಹುಬ್ಬಳ್ಳಿಯಿಂದ ತಂದಿದ್ದರು. ಹೆದ್ದಾರಿಯ ಕಂಬಗಳ ಮೇಲೆ ಹಳದಿಯಾಗಿ ಉರಿಯುತ್ತದಲ್ಲ, ಆ ಸೋಡಿಯಂ ದೀಪವೇ. ಜೊತೆಗೆ ಇಟ್ಟಿಗೆಯಷ್ಟು ಭಾರದ ಒಂದು ಚೋಕು, ಹೊತ್ತಿಸುವುದಕ್ಕೆ ಇಗ್ನೈಟರ್ ಎಂಬ ಇನ್ನೊಂದು ಡಬ್ಬಿ. ಕಬ್ಬಿಣದ ಚೌಕಟ್ಟಿಗೆ ದೀಪವನ್ನು ಅಡ್ಡಲಾಗಿ ಕೂಡಿಸಿದರು. ಬೆಳಕು ಮೇಲಕ್ಕೆ ಹೋಗಿ ದಂಡವಾಗಬಾರದೆಂದು ಅತ್ತೆಯವರ ದೊಡ್ಡ ಸ್ಟೀಲ್ ಬೋಗುಣಿಯನ್ನು ಕೇಳದೆ ಎತ್ತಿಕೊಂಡು ಹೋಗಿ, ದೀಪದ ಮೇಲೆ ಬೋರಲು ಹಾಕಿ, ಅದರ ಎರಡು ಕಿವಿಗಳಿಗೆ ತಂತಿ ಬಿಗಿದರು. ದೀಪ ಬೋಗುಣಿಯೊಳಗೆ, ಗೂಡಿನಲ್ಲಿ ಕೋಳಿ ಕುಳಿತ ಹಾಗೆ ಕುಳಿತಿತು. ಇದು ಸ್ವಂತ ಬುದ್ಧಿಯಿಂದ ಮಾಡಿದ್ದು ಎಂದು ಭಾವನವರು ಬಂದವರಿಗೆಲ್ಲ ತೋರಿಸಿದರು.

ಮೊದಲ ದಿನ ಕಾಯಿ ಒಡೆದು ಗುಂಡಿ ಒತ್ತಿದರು. ದೀಪ ಮೊದಲು ಗುಲಾಬಿ ಬಣ್ಣಕ್ಕೆ ನಾಚಿ, ನಿಧಾನಕ್ಕೆ ಹಳದಿಯಾಗಿ, ಕೋಣೆಯೆಲ್ಲ ಅರಿಷಿಣ ಬಳಿದಂತಾಯಿತು. ನಾವೆಲ್ಲ ಕಾಮಾಲೆಯಾದವರಂತೆ ಕಂಡೆವು. ಸ್ವಲ್ಪ ಹೊತ್ತಿಗೆ ದೀಪ ಒಮ್ಮೆ ನಡುಗಿತು, ಮತ್ತೊಮ್ಮೆ ನಡುಗಿತು, ಆರಿಹೋಯಿತು. ಕತ್ತಲೆಯಲ್ಲಿ ಡಬ್ಬಿ ಜುಂಯ್ ಎನ್ನುತ್ತಿತ್ತು. ಬಹಳ ಹೊತ್ತಿನ ಮೇಲೆ ಮಿಣಿಮಿಣಿ ಎಂದು, ಗುಲಾಬಿಯಾಗಿ, ಹಳದಿಯಾಗಿ, ಮತ್ತೆ ಆರಿತು. ಶಿಸ್ತಿನ ಸೂರ್ಯ ದಿನವಿಡೀ ಹುಟ್ಟುತ್ತ ಮುಳುಗುತ್ತ ಇದ್ದ.

"ಇದು ಗಿರಣಿಯವನ ಕೆಲಸ!" ಎಂದರು ಭಾವನವರು. ನಮ್ಮ ಪಕ್ಕದಲ್ಲೇ ಖಾರ ಕುಟ್ಟುವ ಗಿರಣಿ ಇತ್ತು. ಮೋಟರು ಶುರುವಾದಾಗ ನಮ್ಮ ದೀಪಗಳೆಲ್ಲ ಒಂದು ಕ್ಷಣ ಮಂಕಾಗುವುದು ನಿಜ. ಭಾವನವರು ಅಲ್ಲಿಗೆ ಹೋಗಿ, ಖಾರದ ಧೂಳಿನ ನಡುವೆ ನಿಂತು, ಸೀನುತ್ತ ಸೀನುತ್ತ ಜಗಳ ಆಡಿದರು. ಸೀನಿನಿಂದಾಗಿ ಬೈಗುಳ ಪೂರ್ತಿಯಾಗಲಿಲ್ಲ. ಗಿರಣಿಯವನು ಸಮಾಧಾನದ ಮನುಷ್ಯ.

"ಯಜಮಾನ್ರ, ನಾಳೆ ನಮ್ಮ ಗಿರಣಿ ಸೂಟಿ. ನಾಳೆ ನಿಮ್ಮ ಸೂರ್ಯ ಆರಿದ್ರ ಯಾರನ್ನ ಬೈತೀರಿ?" ಎಂದು ಕೇಳಿದ.

ಮರುದಿನ ಗಿರಣಿ ಬಂದ್ ಇತ್ತು. ಸೂರ್ಯ ಆರಿದ. ಭಾವನವರು ಹಾವೇರಿಯಿಂದ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು.

ಈ ಮನುಷ್ಯ ಮೋಟರ್ ಸೈಕಲ್ಲಿನಿಂದ ಇಳಿಯುವ ಮೊದಲೇ ರೋಗ ಹೇಳಿಬಿಡುವವನು. ಕೆಳಗಿನಿಂದಲೇ ಮಹಡಿಯತ್ತ ನೋಡಿ, "ಇಗ್ನೈಟರ್ ಹೋಗೇತ್ರಿ," ಎಂದ. ಇಗ್ನೈಟರ್ ಬದಲಾಯಿತು. ದೀಪ ಮೊದಲಿನಂತೆಯೇ ಆರಿತು. ಮುಂದಿನ ಸಲ ಬಂದು ಹೋಲ್ಡರ್ ಸಡಿಲ ಎಂದ. ಹೋಲ್ಡರ್ ಬದಲಾಯಿತು. ಅದಾದ ಮೇಲೆ ಬಲ್ಬೇ ಪೊಳ್ಳು ಎಂದು ಹೊಸದನ್ನು ಹಾಕಿದ. ಹೊಸದು ಹಳೆಯದಕ್ಕಿಂತ ಚೆಂದವಾಗಿ ಆರಿತು. ಕೊನೆಗೆ ಚೋಕನ್ನು ಬದಲಿಸಿ, ಎಲ್ಲ ತಿರುಪುಗಳನ್ನೂ ಬಿಗಿಮಾಡಿ, "ಇನ್ನ ಆರಿದ್ರ ನಾ ಈ ಧಂದೆ ಬಿಡತೇನ್ರಿ" ಎಂದು ಹೇಳಿ ಹೋದ. ಅವನು ಹಾವೇರಿಯ ದಾರಿ ಹಿಡಿಯುವಷ್ಟರಲ್ಲಿ ದೀಪ ಆರಿತ್ತು. ಧಂದೆಯನ್ನು ಮಾತ್ರ ಅವನು ಬಿಡಲಿಲ್ಲ.

ಇತ್ತ ಸಸಿಗಳು ಬೆಳಕು ಎಲ್ಲಿ ಎಂದು ಹುಡುಕುತ್ತ ಕತ್ತು ಚಾಚಿ, ಬಿಳಿಚಿ, ದಾರದಂತೆ ಉದ್ದವಾದವು. ಭಾವನವರು ಅದನ್ನು ನೋಡಿ ಖುಷಿಪಟ್ಟರು. "ಬೆಳವಣಿಗಿ ನೋಡವಾ! ಹೊರಗಿನ ಸಸಿ ಇಷ್ಟ ಎತ್ತರ ಬರತಾವೇನು?" ಎಂದು ನನ್ನನ್ನು ಕೇಳಿದರು. ನಾನು ತಂಬಿಗೆ ಬಗ್ಗಿಸಿ ಮುಂದಿನ ಸಾಲಿಗೆ ನೀರು ಹಾಕಿದೆ.

ಮರುದಿನ ಭಾವನವರು ರಾಣೆಬೆನ್ನೂರಿಗೆ ಹೋದ ಮೇಲೆ ಅತ್ತೆಯವರು ಉಪ್ಪಿನಕಾಯಿ ಹಾಕಲು ಕುಳಿತರು. ಹೆಚ್ಚಿದ ಮಾವಿನಕಾಯಿಯ ರಾಶಿ ಮುಂದಿತ್ತು, ಕಲಸಲು ಬೋಗುಣಿ ಇರಲಿಲ್ಲ.

"ನನ್ನ ಬೋಗಾಣಿ ಎಲ್ಲೈತಿ?"

"ಮ್ಯಾಲ ಐತ್ರಿ. ದೀಪದ ತಲೀ ಮ್ಯಾಲ," ಎಂದೆ.

"ದೀಪಕ್ಕ ಯಾಕ ಟೊಪಗಿ?" ಎನ್ನುತ್ತ ಅತ್ತೆ ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿದರು. ನಾನು ಓಡಿಹೋಗಿ ಮೊದಲು ಗುಂಡಿ ಒತ್ತಿ ದೀಪ ಆರಿಸಿದೆ. ಅವರು ತಂತಿ ಬಿಚ್ಚಿ, ಬಿಸಿ ಬೋಗುಣಿಯನ್ನು ಸೆರಗಿನಲ್ಲಿ ಹಿಡಿದು, ಮಗನನ್ನು ಬೈಯುತ್ತ ಕೆಳಗಿಳಿದರು. ಅದು ಎಷ್ಟು ಕಾದಿತ್ತೆಂದರೆ ಒಗ್ಗರಣೆಯನ್ನೇ ಹಾಕಬಹುದಿತ್ತು. ನಾನು ಸ್ವಲ್ಪ ತಡೆದು ಮತ್ತೆ ದೀಪ ಹಚ್ಚಿ ಬಂದೆ.

ಮಧ್ಯಾಹ್ನ ನೀರು ಹಾಕಲು ಹೋದಾಗ ಉರಿಯುತ್ತಿತ್ತು. ಚಹಾದ ಹೊತ್ತಿಗೂ ಉರಿಯುತ್ತಿತ್ತು. ಒಮ್ಮೆಯೂ ನಡುಗಲಿಲ್ಲ. ನನಗೆ ಆಗ ಹೊಳೆಯಿತು. ದೀಪದ್ದೇ ಕಾವನ್ನು ಬೋಗುಣಿ ತಿರುಗಿಸಿ ದೀಪಕ್ಕೇ ಹೊಡೆಯುತ್ತಿತ್ತು. ಅದು ಉಸಿರುಗಟ್ಟಿ ಆರುತ್ತಿತ್ತು, ತಣ್ಣಗಾದ ಮೇಲೆ ಮತ್ತೆ ಹೊತ್ತುತ್ತಿತ್ತು.

ಸಂಜೆ ಬಂದ ಭಾವನವರು ಸ್ಥಿರವಾದ ಬೆಳಕು ಕಂಡು ಬಾಗಿಲಲ್ಲೇ ನಿಂತರು. "ನೋಡ್ರಿ, ಚೋಕ್ ಈಗ ಸೆಟ್ ಆತು!" ಎಂದರು. ಮರುಕ್ಷಣ ಬೋಗುಣಿ ಇಲ್ಲದ್ದು ಕಂಡಿತು. ಉಪ್ಪಿನಕಾಯಿ ಆಗಲೇ ಭರಣಿ ಸೇರಿತ್ತು. ಬೋಗುಣಿಯನ್ನು ತೊಳೆಸಿ, ಒರೆಸಿ, ಮತ್ತೆ ಮೇಲೆ ಬಿಗಿದರು. ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ದೀಪ ಆರಿತು.

"ಭಾವಾರ, ಆ ಬೋಗಾಣಿ ತಗದ್ರ ದೀಪ ಉರೀತೈತ್ರಿ. ಇವತ್ತ ಇಡೀ ದಿನಾ ಉರದೈತಿ. ಕಾವು ಒಳಗ ಸಿಕ್ಕೊಂಡು ಆರಾಕತ್ತೈತಿ," ಎಂದೆ.

ಅವರು ನನ್ನನ್ನಲ್ಲ, ನನ್ನ ಗಂಡನನ್ನು ನೋಡಿದರು. "ಸಾಲ್ಯಾಗಿನ ಪಾಠ ಸಾಲ್ಯಾಗ ಇರಲಿ ಅಂತ ಹೇಳು," ಎಂದರು. ನನ್ನ ಗಂಡ ಆ ಮಾತನ್ನು ನನಗೆ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ, ನಾನು ಅಲ್ಲೇ ನಿಂತಿದ್ದೆ. ಅಷ್ಟು ಸಿಟ್ಟು ನನಗೆ ಆ ಮನೆಯಲ್ಲಿ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ.

ಹಾವೇರಿಯವನು ಮತ್ತೆ ಬಂದ. ಭಾವನವರು ಸ್ನಾನಕ್ಕೆ ಹೋಗಿದ್ದರು. ನಾನು ಚಹಾ ಕೊಡುತ್ತ ಬೋಗುಣಿಯ ಸಂಗತಿಯನ್ನು ಅವನಿಗೆ ಹೇಳಿದೆ. ಅವನು ಬಟ್ಟಲು ಕೆಳಗಿಟ್ಟು, "ಖರೇ ಏನ್ರಿ ಅಕ್ಕಾರ?" ಎಂದು ಕೇಳಿ, ಚಹಾವನ್ನೂ ಮುಗಿಸದೆ ಲಗೂ ಲಗೂ ಮೇಲೆ ಹೋದ. ಭಾವನವರು ಬಂದಾಗ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಇದು ಹೀಟ್ ರಿಫ್ಲೆಕ್ಷನ್ ಪ್ರಾಬ್ಲೆಮ್ ಐತ್ರಿ ಸಾಹೇಬ್ರ," ಎಂದ. "ರಿಫ್ಲೆಕ್ಟರ್ ತಗೀಬೇಕ್ರಿ."

"ಹೀಟ್ ರಿಫ್ಲೆಕ್ಷನ್!" ಭಾವನವರ ಮುಖ ಅರಳಿತು. "ನನಗೂ ಮೊದಲಿಂದ ಅದೇ ಡೌಟ್ ಇತ್ತು ನೋಡು."

ಬೋಗುಣಿ ಅಡುಗೆಮನೆಗೆ ಬಂತು. ಅದರ ಒಂದು ಕಿವಿ ಸೊಟ್ಟಗಾಗಿತ್ತು. ದೀಪ ಆಮೇಲೆ ಆರಲಿಲ್ಲ, ಕರೆಂಟು ಹೋದಾಗಿನ ಮಾತು ಬೇರೆ. ರಾಣೆಬೆನ್ನೂರಿನ ಅಂಗಡಿಯಲ್ಲಿ ಭಾವನವರು ಐರಣಿಯ ಕಡೆಯಿಂದ ಬಂದ ರೈತರಿಗೆ ಹೀಟ್ ರಿಫ್ಲೆಕ್ಷನ್ ಬಗ್ಗೆ ಭಾಷಣ ಮಾಡುತ್ತಿದ್ದರೆಂದು ನನ್ನ ಗಂಡ ಹೇಳಿದರು. ರೈತರು ಬೀಜ ಕಟ್ಟಿಸಿಕೊಂಡು, ಪೂರ್ತಿ ಕೇಳಿ, ಹೋಗಿ ಎಂದಿನಂತೆ ಹೊಲದ ಸಸಿಮಡಿಯಲ್ಲಿ, ಬಯಲ ಬಿಸಿಲಿಗೇ ಬೀಜ ಹಾಕಿದರು.

ಮುಂಗಾರಿನ ಮೊದಲ ಮಳೆ ಬಿದ್ದದ್ದೇ ತಡ, ಸಸಿಗಳನ್ನು ಮೋಟೆಬೆನ್ನೂರಿನ ನಮ್ಮ ಹೊಲಕ್ಕೆ ಸಾಗಿಸಿ ನೆಟ್ಟೆವು. ಕೋಣೆಯಿಂದ ಹೊರಗೆ ಕಾಲಿಡದ ಸಸಿಗಳು ಅವು. ಮಳೆ ನಿಂತು ನಿಜವಾದ ಬಿಸಿಲು ಬಿದ್ದೊಡನೆ ಮಧ್ಯಾಹ್ನದ ಹೊತ್ತಿಗೆ ಸಾಲುಸಾಲಾಗಿ ನೆಲಕ್ಕೆ ಮಲಗಿದವು. ಭಾವನವರು ಬದುವಿನ ಮೇಲೆ ಕೊಡೆ ಹಿಡಿದು ನಿಂತು ಆಕಾಶ ನೋಡಿ, "ಈ ವರ್ಷ ಬಿಸಲೇ ಸರಿ ಇಲ್ಲ," ಎಂದರು.

ಅವರು ಅಂಗಡಿಗೆ ಹೋದ ಮೇಲೆ ಅತ್ತೆ ಮತ್ತು ನಾನು ಬೇವಿನ ಟೊಂಗೆ ಕಡಿದು ತಂದು, ಒಂದೊಂದು ಸಸಿಗೂ ಒಂದೊಂದು ಚಿಗುರು ಚುಚ್ಚಿ ನೆರಳು ಮಾಡಿದೆವು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ನಡುನಡುವೆ ಅತ್ತೆ ನೆಟ್ಟಗೆ ನಿಂತು, "ಹಡದು ತಪ್ಪು ಮಾಡೀನಿ," ಎನ್ನುವರು, ನಗುವರು, ಮತ್ತೆ ಬಗ್ಗುವರು. ನನಗೂ ನಗು ಬರುತ್ತಿತ್ತು.

ಅರ್ಧದಷ್ಟು ಸಸಿಗಳು ಉಳಿದವು. ಸತ್ತವುಗಳ ಜಾಗದಲ್ಲಿ ಪಕ್ಕದ ಹೊಲದವರ ಮಡಿಯಿಂದ ಸಸಿ ಕಿತ್ತು ತಂದು ನೆಟ್ಟೆವು. ಕಾಯಿ ಬಿಟ್ಟಾಗ ಎಲ್ಲವೂ ಒಂದೇ ಕೆಂಪು, ಒಂದೇ ಸುಕ್ಕು. ಯಾವ ಗಿಡ ದೀಪದ್ದು, ಯಾವುದು ಮಡಿಯದ್ದು ಎಂದು ನೆಟ್ಟ ನಮಗೂ ಗುರುತು ಹತ್ತಲಿಲ್ಲ. ಹೊಲಕ್ಕೆ ಬಂದ ಭಾವನವರು ಮಾತ್ರ ಎಲ್ಲಕ್ಕಿಂತ ದಟ್ಟವಾಗಿ ಬೆಳೆದ ಒಂದು ಸಾಲನ್ನು ಆರಿಸಿಕೊಂಡು, ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.