ಪಾಳಿಯ ನಡುವೆ ಮುಚ್ಚಿದ ಕೆಂಪು ಗುಂಡಿ

ನಮ್ಮ ಸೆಕ್ಯೂರಿಟಿ ಕಂಪನಿಯಲ್ಲಿ ಗಾರ್ಡುಗಳು ಮ್ಯಾನೇಜರಿಗೆ ಹೆದರುತ್ತಿರಲಿಲ್ಲ, ಫೋನಕ್ಕನಿಗೆ ಹೆದರುತ್ತಿದ್ದರು. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಗಾರ್ಡುಗಳಿಗೆ ಕಂಪನಿ ಕೊಟ್ಟ ಅಷ್ಟೂ ಫೋನುಗಳು ಅವಳ ಉಸ್ತುವಾರಿ. ಯಾವ ಆ್ಯಪ್ ಇರಬೇಕು, ಹೊಸದು ಬಂದರೆ ಯಾವಾಗ ಇಳಿಯಬೇಕು ಎಂಬುದನ್ನೆಲ್ಲ ಆಫೀಸಿನ ಕಂಪ್ಯೂಟರಿನ ಮುಂದೆ ಕುಳಿತೇ ನಡೆಸುತ್ತಿದ್ದಳು. ಸ್ಕ್ರೀನ್ ಒಡೆದುಕೊಂಡು ಬಂದವನಿಗೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದಳು. ನಾನು ಕಂಪನಿಯ ಜೀಪ್ ಡ್ರೈವರ್. ನನ್ನನ್ನೇನು ಬಿಟ್ಟವಳಲ್ಲ.

ಅವಳಿಗೆ ಇದ್ದವನು ಒಬ್ಬನೇ ತಮ್ಮ. ತಾಯಿ ಸತ್ತಾಗ ಅವನಿನ್ನೂ ಮೂಗು ಒರೆಸಿಕೊಳ್ಳಲೂ ಬಾರದ ಪೋರ. ಅವಳೇ ಉಣಿಸಿ, ಅವಳೇ ಬಡಿದು ಬೆಳೆಸಿದಳು. ಬೆಳೆದು ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದ ಹಾಗಾದ. ನಾವೆಲ್ಲ ಗೂಳಿ ಎನ್ನುತ್ತಿದ್ದೆವು. ನಮ್ಮಲ್ಲೇ ಗಾರ್ಡ್ ಆಗಿ ಸೇರಿ, ಗುಜರಿ ಅಂಗಳದ ಗೇಟಿನಲ್ಲಿ ಒಬ್ಬನೇ ನಿಲ್ಲುತ್ತಿದ್ದ. ಅಲ್ಲಿಯ ತಾಮ್ರದ ತಂತಿಯ ಮೇಲೆ ಕಳ್ಳರ ಕಣ್ಣು. ಹಾಡಹಗಲೇ ವ್ಯಾನು ತಂದು, ಅಡ್ಡ ಬಂದವನನ್ನು ಬಡಿದು ಕೆಡವಿ, ತುಂಬಿಕೊಂಡು ಹೋಗುವ ಗುಂಪು ಅದು. ಗಾರ್ಡಿಗೆ ಕೈಯಲ್ಲಿನ ಲಾಠಿ ಬಿಟ್ಟರೆ ಫೋನಿನ ಆ್ಯಪಿನಲ್ಲಿರುವ ಕೆಂಪು ಗುಂಡಿಯೇ ಗತಿ. ಅದನ್ನು ಒತ್ತಿದರೆ ಆಫೀಸಿನಲ್ಲಿ ಗಂಟೆ ಹೊಡೆಯುತ್ತದೆ, ಜಾಗ ಕಾಣುತ್ತದೆ, ನಾನು ಜೀಪ್ ತೆಗೆಯುತ್ತೇನೆ.

ಆ ಆ್ಯಪಿಗೇ ರೋಗ ಬಂತು. ಸಿಮೆಂಟ್ ಗೋದಾಮಿನ ಮುದುಕ ಗಾರ್ಡ್ ಗುಂಡಿ ಒತ್ತಿದರೆ, ಹಿಂದಿನ ದಿನ ಅವನು ನಿಂತಿದ್ದ ಜಾಗ ತೋರಿಸಿತು. ನಾನೂ ಫೋನಕ್ಕನೂ ಊರಿನ ಇನ್ನೊಂದು ತುದಿಗೆ ಓಡಿದೆವು. ತಿರುಗಿ ಬರುವಷ್ಟರಲ್ಲಿ ಮುದುಕನ ಮುಂದಿನ ಹಲ್ಲುಗಳು ನೆಲದ ಮೇಲಿದ್ದವು. ಪಾಪ, ಅವನ್ನು ಹುಡುಕಿ ಹುಡುಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಫೋನಕ್ಕ ತನ್ನ ದುಪಟ್ಟಾದಿಂದ ಅವನ ಬಾಯಿ ಒರೆಸಿದಳು.

ದೋಷ ತಿದ್ದಿದ ಹೊಸ ಆ್ಯಪ್ ಬಂದಾಗ ಎಂದಿನ ನಿಯಮವನ್ನೇ ಹಾಕಿದಳು. ಫೋನು ಚಾರ್ಜಿಗಿರಬೇಕು, ಆಫೀಸಿನ ವೈಫೈ ಸಿಗಬೇಕು, ಯಾರೂ ಬಳಸುತ್ತಿರಬಾರದು. ಆಗ ಅದು ತಾನಾಗಿ ಅಪ್‌ಡೇಟ್ ಆಗುತ್ತದೆ. ಆದರೆ ಆದಮೇಲೆ ಪಾಸ್‌ವರ್ಡ್ ಕೇಳುತ್ತದೆ. ಅದು ನಮ್ಮವರಿಗೆ ನೆನಪಿರುವುದಿಲ್ಲ, ಕೇಳಲು ಹೋದರೆ ಫೋನಕ್ಕನ ಮಂಗಳಾರತಿ. ಅದಕ್ಕೆ ಅವರು ಹೂಡಿದ ಉಪಾಯ ನೋಡಿ: ಫೋನನ್ನು ಚಾರ್ಜಿಗಿಟ್ಟು ಕುಸ್ತಿಯ ವಿಡಿಯೋ ಓಡಲು ಬಿಟ್ಟು ಮನೆಗೆ ಹೋಗುವುದು! ಯಾರೋ ಬಳಸುತ್ತಿದ್ದಾರೆ ಎಂದುಕೊಂಡು ಅಪ್‌ಡೇಟ್ ಹತ್ತಿರವೂ ಸುಳಿಯುವುದಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಸಾಲಾಗಿ ಫೋನುಗಳು, ಒಂದೊಂದರಲ್ಲೂ ಒಬ್ಬ ಇನ್ನೊಬ್ಬನನ್ನು ಎತ್ತಿ ಒಗೆಯುತ್ತಿದ್ದ. ಈ ವಿದ್ಯೆ ಕಲಿಸಿದ ಗುರು ಗೂಳಿಯೇ.

ಗೊತ್ತಾದ ದಿನ ಫೋನಕ್ಕ ಕುಣಿದಾಡಿಬಿಟ್ಟಳು. ಬೈಗುಳಕ್ಕೆ ಬೆದರಿ ಎಲ್ಲರೂ ದಾರಿಗೆ ಬಂದರು, ತಮ್ಮನೊಬ್ಬನನ್ನು ಬಿಟ್ಟು. ಮರುದಿನ ಬೆಳಗ್ಗೆ ನನ್ನ ಎದುರಿಗೇ, ಪಾಳಿಯಲ್ಲಿದ್ದ ಅವನಿಗೆ ಫೋನು ಮಾಡಿದಳು.

"ಲೋ, ನಿಂದಿನ್ನೂ ಹಳೇದೇ ಇದೆಯಲ್ಲೋ. ಆ ಮುದುಕನ ಬಾಯಿ ನೋಡಿದ್ಯಲ್ಲ?"

"ಬಿಡಕ್ಕ, ನನ್ನ ಮುಟ್ಟೋ ಗಂಡು ಇನ್ನೂ ಹುಟ್ಟಿಲ್ಲ. ಸಂಜೆ ಬಂದು ನೋಡ್ತೀನಿ."

"ಸಂಜೆಯಂತೆ ಸಂಜೆ! ತಡಿ, ಈಗಲೇ ಮಾಡ್ತೀನಿ ನಿಂಗೆ."

ಪಾಳಿಯ ನಡುವೆ ಅಪ್‌ಡೇಟ್ ಮಾಡಬಾರದೆಂದು ನಿಯಮ ಮಾಡಿದವಳೇ ಅವಳು. ಸಿಟ್ಟು ಕೇಳಬೇಕಲ್ಲ? ಅವನ ಫೋನಿನ ಎದುರು 'ಕೂಡಲೇ' ಎಂಬುದನ್ನು ಆರಿಸಿ ಗುದ್ದಿದಳು. ಹಾಗೆ ಮಾಡಿದರೆ ಫೋನು ಕೈಯಲ್ಲಿದ್ದರೂ ಆ್ಯಪ್ ಮುಚ್ಚಿಕೊಂಡು ಹೊಸದನ್ನು ಎಳೆದುಕೊಳ್ಳುತ್ತದೆ. ಗುಜರಿ ಅಂಗಳದಲ್ಲಿ ಸಿಗ್ನಲ್ಲಿಗೆ ಆಮೆಯ ನಡಿಗೆ. ಕಂಪ್ಯೂಟರಿನ ಪರದೆಯ ಮೇಲೆ ಅಪ್‌ಡೇಟಿನ ಗೆರೆ ಅರ್ಧಕ್ಕೆ ಬಂದು ನಿಂತಿತ್ತು, ಅಷ್ಟರಲ್ಲಿ ಅವನ ಕರೆ ಬಂತು.

"ಅಕ್ಕಾ, ಅವ್ರು ಬಂದಾಗಿಂದ ಒತ್ತೋಕೆ ನೋಡ್ತಿದೀನಿ, ಗುಂಡಿ ಇಲ್ಲ... ಕಾಯಿರಿ ಅಂತಿದೆ..."

ಆಮೇಲೆ ಕೇಳಿದ್ದು ಕಬ್ಬಿಣ ಮೂಳೆಗೆ ಬಡಿಯುವ ಸದ್ದು. ಅವಳು ಬಿಳಿಚಿಕೊಂಡು "ಡ್ರೈವರಣ್ಣಾ, ತೆಗಿ ಜೀಪು!" ಎಂದು ಚೀರಿದಳು. ದಾರಿಯುದ್ದಕ್ಕೂ ಫೋನು ಅವಳ ಕಿವಿಯಲ್ಲೇ ಇತ್ತು. ಏಟು ಬಿದ್ದಾಗಲೆಲ್ಲ ಅವಳ ಭುಜ ಅದುರುತ್ತಿತ್ತು. ನಡುವೆ ಒಮ್ಮೆ "ನಾನು, ನಾನು ಮಾಡಿದ್ದು" ಎಂದಳು.

ಗೇಟಿನೊಳಗೆ ಜೀಪು ನುಗ್ಗಿಸಿದಾಗ ಮೂವರು ಅವನ ಮೇಲಿದ್ದರು. ದವಡೆ ಒಂದು ಕಡೆಗೆ ಜರುಗಿಹೋಗಿತ್ತು. ಒಬ್ಬ ಅವನ ಎಡಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದು ರಾಡಿನಿಂದ ಜಜ್ಜುತ್ತಿದ್ದ. ಜೀಪು ನಿಲ್ಲುವ ಮೊದಲೇ ಫೋನಕ್ಕ ಹಾರಿದಳು. ಕೈಗೆ ಸಿಕ್ಕ ಪೈಪು ಎತ್ತಿ ರಾಡಿನವನ ಮಂಡಿಗೆ ಬಿಟ್ಟಳು. ಚಟ್ ಎಂದಿತು. ಇನ್ನೊಬ್ಬನನ್ನು ನಾನು ವ್ಯಾನಿನ ಬಾಗಿಲಿಗೆ ಅಪ್ಪಳಿಸುವಷ್ಟರಲ್ಲಿ ನನ್ನ ಹುಬ್ಬು ಸೀಳಿತ್ತು. ಮೂರನೆಯವನು ಕಾಲಿಗೆ ಬುದ್ಧಿ ಹೇಳಿದ. ಅವಳು ಮಾತ್ರ ನಿಲ್ಲಿಸಲೇ ಇಲ್ಲ. ಬಿದ್ದವನ ಭುಜಕ್ಕೆ, ಪಕ್ಕೆಗೆ, ಮತ್ತೆ ಭುಜಕ್ಕೆ ಬಾರಿಸಿದಳು. "ಸಾಕಮ್ಮಾ, ಸತ್ತೋಗ್ತಾನೆ!" ಎಂದು ಸೊಂಟ ಹಿಡಿದು ಎಳೆದರೆ ನನ್ನ ಕೈಯನ್ನೇ ಕಚ್ಚಿದಳು. ಗೂಳಿಯ ಫೋನು ರಕ್ತದಲ್ಲಿ ಬಿದ್ದಿತ್ತು. ಅಪ್‌ಡೇಟ್ ಮುಗಿದು ಪಾಸ್‌ವರ್ಡ್ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ಅವನ ಎರಡು ಬೆರಳು ತೆಗೆದರು, ದವಡೆಗೆ ತಂತಿ ಬಿಗಿದು ಬಾಯಿ ಮುಚ್ಚಿದರು. ಮ್ಯಾನೇಜರ್ ಬಂದವನು ಮೆಲ್ಲಗೆ, "ಸರ್ವರ್ ಕೈಕೊಡ್ತು ಅಂತ ಹೇಳಿಬಿಡೋಣ ಕಣಮ್ಮ" ಎಂದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಎಚ್ಚರವಾದ ತಮ್ಮನ ಪಕ್ಕ ಹೋಗಿ ನಿಂತಳು.

"ಒತ್ತಿದ್ದು ನಾನೇ ಕಣೋ. ಸಂಜೆ ತನಕ ತಡ್ಕೊಳ್ಳೋಕೆ ಆಗ್ಲಿಲ್ಲ ನನ್ಗೆ."

ಗೂಳಿ ಬಲಗೈ ಎತ್ತಿ ಅವಳ ಕೆನ್ನೆಗೆ ಬಾರಿಸಿದ. ವಾರ್ಡೆಲ್ಲ ತಿರುಗಿ ನೋಡಿತು. "ಇನ್ನೊಂದು ಹಾಕು" ಎಂದಳು. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ. ನನಗೆ ಮೈಯೆಲ್ಲ ಉರಿಯಿತು. ಕುಸ್ತಿಯ ವಿಡಿಯೋ ಹಾಕಿ ಆಟವಾಡಿದವನು ನೀನೇ ಅಲ್ಲವೇನೋ ಎಂಬ ಮಾತು ಬಾಯಿಯ ತನಕ ಬಂದಿತ್ತು, ನುಂಗಿಕೊಂಡೆ.

ಈಗಲೂ ಅವಳು ವಾರ್ಡಿಗೆ ಕಾಲಿಟ್ಟರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಕೊಳವೆಯಲ್ಲಿ ನೀರು ಕುಡಿಸಲು ನರ್ಸ್ ಬಂದರೆ ತಲೆ ಕೊಡವಿ ಲೋಟ ಉರುಳಿಸುತ್ತಾನೆ. ಅಕ್ಕ ಲೋಟ ಹಿಡಿದರೆ, ಕಣ್ಣು ಮುಚ್ಚಿಕೊಂಡೇ ಕುಡಿಯುತ್ತಾನೆ.